ಬೀಗಿತ್ತಿಯ ಮೂಲ ಹುಡುಕಿ ರೈನ್ ದಾಟಿದ್ದು

ನಾನು ಜರ್ಮನಿಗೆ ಹೋಗಿ ಬಂದೆ ಎಂದು ಗೊತ್ತಾದವರೆಲ್ಲ ಉಡುಪಿಯ ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಕೇಳುವುದು ಒಂದೇ. "ಕೋಟೆ ಗೀಟೆ ಎಲ್ಲ ನೋಡಿದ್ರಾ ಟೀಚರ್?" ಇಲ್ಲ ಮಾರಾಯ್ರೆ, ನೋಡಲಿಲ್ಲ. ಮಗಳು ಅಶ್ವಿನಿ ಟಿಕೆಟ್ ಕಳಿಸಿದಾಗ ನಾನೂ ಕೋಟೆ, ಬೆಟ್ಟ, ದೋಣಿವಿಹಾರ ಎಂದೆಲ್ಲ ಲೆಕ್ಕ ಹಾಕಿಕೊಂಡಿದ್ದೆ. ಆದದ್ದೇ ಬೇರೆ. ನಮ್ಮ ಕಡೆಯ ಆಷಾಢವಾದ ಆಟಿ ತಿಂಗಳಿಡೀ ಬೀಗಿತ್ತಿಯ ಹಿಂದೆ ಅವರ ಸತ್ತುಹೋದ ಅಜ್ಜಿಯಂದಿರನ್ನು ಹುಡುಕುತ್ತ ತಿರುಗಿದೆ. ಅದನ್ನೇ ಹೇಳುತ್ತೇನೆ, ಕೋಟೆ ಬೇಕಾದವರು ಟೀವಿಯಲ್ಲಿ ನೋಡಿಕೊಳ್ಳಲಿ.

ಕಾರ್ಲ್ಸ್‌ರುಹೆ: ಬೀಗ ಹಾಕಿದ ನೀರಿನ ಕ್ಯಾನು

ಬೀಗಿತ್ತಿ ಎಂದರೆ ನನ್ನ ಅಳಿಯ ಥೋಮಸ್‌ನ ಅಮ್ಮ, ಎರಿಕಾ. ಎಂಬತ್ತು ದಾಟಿದ್ದಾರೆ, ಬೆನ್ನು ಮಾತ್ರ ಇನ್ನೂ ನೆಟ್ಟಗಿದೆ. ಮಗಳ ಮನೆಯಿಂದ ಎರಡು ಬೀದಿ ಆಚೆ ಒಬ್ಬರೇ ಇರುತ್ತಾರೆ. ಅಷ್ಟು ಹಿರಿಯರನ್ನು ಬರೀ ಹೆಸರು ಹಿಡಿದು ಕರೆಯಲು ನನಗೆ ಬಾಯಿ ಬರಲಿಲ್ಲ. ಎರಿಕಕ್ಕ ಎಂದೆ. ತಮ್ಮ ಹೆಸರನ್ನು ಇಂಡಿಯಾದಲ್ಲಿ ಹೀಗೇ ಹೇಳುವುದಿರಬೇಕು ಎಂದು ಅವರು ಸುಮಾರು ದಿನ ಅಂದುಕೊಂಡಿದ್ದರಂತೆ. ಆಮೇಲೆ ಅಶ್ವಿನಿ ಅಕ್ಕ ಎಂದರೇನು ಎಂದು ತಿಳಿಸಿ ಹೇಳಿದಾಗ ಎದ್ದು ಬಂದು ನನ್ನ ಕೆನ್ನೆ ಹಿಂಡಿದರು.

ಒಂದು ಭಾನುವಾರ ನನ್ನನ್ನೂ ಅಶ್ವಿನಿಯನ್ನೂ ತಮ್ಮ ಗಂಡನ ಗೋರಿಗೆ ಕರೆದುಕೊಂಡು ಹೋದರು. ನಮ್ಮಲ್ಲಿ ಹೆಂಗಸರು ಮಸಣದ ಕಡೆ ತಲೆಹಾಕುವುದೇ ಅಪರೂಪ. ಅಲ್ಲಿ ನೋಡಿದರೆ ಅಜ್ಜಿಯಂದಿರೆಲ್ಲ ಕೈಗೆ ಗವಸು ಹಾಕಿಕೊಂಡು ಗೋರಿಗಳ ಮೇಲೆ ಕಳೆ ಕೀಳುತ್ತಿದ್ದಾರೆ, ಹೂಗಿಡ ನೆಡುತ್ತಿದ್ದಾರೆ, ಒಬ್ಬರನ್ನೊಬ್ಬರು ಮಾತಾಡಿಸುತ್ತಿದ್ದಾರೆ. ನಲ್ಲಿಯ ಹತ್ತಿರ ನೀರು ಹಾಕುವ ಕ್ಯಾನುಗಳನ್ನು ಸಾಲಾಗಿ ತೂಗುಹಾಕಿದ್ದರು. ಪ್ರತಿ ಕ್ಯಾನಿಗೂ ಸರಪಳಿ, ಸರಪಳಿಗೊಂದು ಬೀಗ.

"ಇಲ್ಲಿಗೂ ಕಳ್ಳರು ಬರ್ತಾರಾ?" ಎಂದೆ. ಅಶ್ವಿನಿ ಜರ್ಮನ್‌ಗೆ ತಿರುಗಿಸಿ ಹೇಳಿದಳು. "ಕ್ಯಾನು ಕದಿಯುವವರು ಕಳ್ಳರಲ್ಲ, ವಿಧವೆಯರು" ಎಂದು ಎರಿಕಕ್ಕ ನಕ್ಕರು.

ಗಂಡನಿಗೆ ನೀರು ಹಾಕಿ ಆದ ಮೇಲೆ ಅವರು ಮನೆಗೆ ಹೊರಡಲಿಲ್ಲ. ಕ್ಯಾನು ಮತ್ತೆ ತುಂಬಿಸಿಕೊಂಡು ಮೂಲೆಯ ಒಂದು ಹಳೇ ಗೋರಿಗೆ ಹೋಗಿ ಅಲ್ಲಿಯೂ ಹಾಕಿದರು. ನಿಮ್ಮವರಾ ಎಂದು ಕೇಳಿದೆ. ಅಲ್ಲ, ಯಾರೋ ಗೊತ್ತಿಲ್ಲ, ಕಥರೀನಾ ಎಂದು ಕಲ್ಲಿನ ಮೇಲೆ ಬರೆದಿದೆ, ನನ್ನ ಅಮ್ಮನ ಹೆಸರೂ ಅದೇ, ಎಂದರು. "ನನ್ನ ಅಮ್ಮನಿಗೆ ಗೋರಿ ಇಲ್ಲ. ಹಾಗಾಗಿ ಇವಳಿಗೆ ಹಾಕುತ್ತೇನೆ."

ಅಲ್ಲಿಯೇ ಬೆಂಚಿನ ಮೇಲೆ ಕುಳಿತು ಕತೆ ಹೇಳಿದರು. ಅವರ ಅಮ್ಮನ ಕಡೆಯವರು ಎಷ್ಟೋ ತಲೆಮಾರಿನ ಹಿಂದೆ ಜರ್ಮನಿ ಬಿಟ್ಟು ಡ್ಯಾನ್ಯೂಬ್ ನದಿಯ ಗುಂಟ ದೋಣಿಯಲ್ಲಿ ಪೂರ್ವಕ್ಕೆ ಹೋದವರು. ಈಗ ಸರ್ಬಿಯ ಎನ್ನುವ ದೇಶದಲ್ಲಿ ಜೌಗು ನೆಲ ಕಡಿದು ಹೊಲ ಮಾಡಿ, ಚರ್ಚು ಕಟ್ಟಿ, ಜರ್ಮನ್ನೇ ಮಾತಾಡಿಕೊಂಡು ಬದುಕಿದವರು. ಎರಿಕಕ್ಕ ಹುಟ್ಟಿದ್ದೂ ಅಲ್ಲಿಯೇ. ದೊಡ್ಡ ಯುದ್ಧದಲ್ಲಿ ಜರ್ಮನಿ ಸೋತ ಮೇಲೆ ಜರ್ಮನ್ ಮಾತಾಡುವವರನ್ನೆಲ್ಲ ಮನೆಯಿಂದ ಎಬ್ಬಿಸಿ ಕ್ಯಾಂಪಿಗೆ ಹಾಕಿದರು. ಅಮ್ಮ ಅಲ್ಲಿ ಜ್ವರ ಬಂದು ಸತ್ತರು. ಎಲ್ಲರನ್ನೂ ಒಂದೇ ಹೊಂಡಕ್ಕೆ ಹಾಕಿದರಂತೆ. ಪುಟ್ಟ ಹುಡುಗಿಯನ್ನು ಅಮ್ಮನ ಅಮ್ಮ ಕೈಹಿಡಿದು ನಡೆಸಿಕೊಂಡು ಜರ್ಮನಿಗೆ ಕರೆತಂದರು. ಇಲ್ಲಿ ಶಾಲೆಯ ಮಕ್ಕಳು ನಿನ್ನ ದೇಶಕ್ಕೆ ಹೋಗು ಎಂದು ಕಲ್ಲು ಹೊಡೆದರಂತೆ.

"ನಮ್ಮವರು ಏನೂ ತಪ್ಪು ಮಾಡದವರು ಅಂತ ನಾನು ಹೇಳುವುದಿಲ್ಲ. ನನ್ನ ಅಪ್ಪನೂ ಜರ್ಮನ್ ಸೈನ್ಯದ ಯೂನಿಫಾರಂ ಹಾಕಿದ್ದ" ಎಂದರು ಎರಿಕಕ್ಕ. "ಆದರೆ ಅಮ್ಮ ಅಮ್ಮನೇ ಅಲ್ಲವಾ? ಅಲ್ಲಿಯ ಹೊಂಡಕ್ಕೆ ಹೋಗಿ ನಿಲ್ಲುವ ಧೈರ್ಯ ನನಗಿಲ್ಲ. ಅವಳ ಜನ ಹೊರಟ ಹಳ್ಳಿ ಈ ಕಡೆ ಎಲ್ಲೋ ಇದೆ. ಆ ಮಣ್ಣಿನಲ್ಲಿ ಅವಳ ಹೆಸರಿಗೆ ಒಂದು ಹೂಗಿಡ ನೆಡಬೇಕು. ಕಾಲು ನಡೆಯುವಾಗಲೇ."

ಅದಕ್ಕಾಗಿ ರೈನ್ ನದಿಯಾಚೆ ಸ್ಪೈಯರ್ ಊರಿನಲ್ಲಿರುವ ಚರ್ಚಿನ ದಾಖಲೆಮನೆಗೆ ಅವರು ಆಗಲೇ ಹೋಗಿ ಬಂದಿದ್ದರು. ಏನೂ ಸಿಕ್ಕಿರಲಿಲ್ಲ. ಹುಡುಕಿದ್ದು ಮನೆತನದ ಹೆಸರು ಹಿಡಿದು. ಅಪ್ಪನ ಹೆಸರು ವೇಬರ್, ಅಮ್ಮನ ಅಪ್ಪನ ಹೆಸರು ಶ್ಮಿಟ್. ನೇಕಾರ, ಕಮ್ಮಾರ ಎಂದ ಹಾಗೆ, ಹಳ್ಳಿಗೆ ಹತ್ತು ಮನೆ ಅವೇ ಹೆಸರಿನವು. ಇನ್ನೊಂದು ಸಲ ಹೋಗಲು ದಿನ ಗೊತ್ತುಮಾಡಿಕೊಂಡಿದ್ದರು. ಆ ದೇಶದಲ್ಲಿ ಯಾವ ಕಚೇರಿಗೂ ಸುಮ್ಮನೆ ನುಗ್ಗುವ ಹಾಗಿಲ್ಲ, ಮೊದಲೇ ಕೇಳಿ ಟೆರ್ಮಿನ್ ತೆಗೆದುಕೊಳ್ಳಬೇಕು. ಅದೇ ಕೊನೆಯ ಸಲ, ಸಿಗದಿದ್ದರೆ ಬಿಟ್ಟುಬಿಡುತ್ತೇನೆ ಎಂದರು.

ಕಾರ್ಲ್ಸ್‌ರುಹೆ: ಅಡುಗೆಮನೆಯ ಮೇಜು

ಹೋಗುವ ಹಿಂದಿನ ದಿನ ಎರಿಕಕ್ಕ ನನ್ನ ಮಗಳ ಮನೆಗೆ ಬಂದರು. ಅಶ್ವಿನಿ ಒಳಗೆ ಆಫೀಸಿನ ಕಾಲ್‌ನಲ್ಲಿದ್ದಳು, ಥೋಮಸ್ ಕೆಲಸದ ಮೇಲೆ ಡ್ಯೂಸೆಲ್ಡಾರ್ಫಿಗೆ ಹೋಗಿದ್ದ. ನಮ್ಮಿಬ್ಬರ ನಡುವೆ ದುಭಾಷಿ ಎಂದರೆ ಮೊಮ್ಮಗಳು ಮೀರಾ. ಒಂದನೇ ಕ್ಲಾಸಿನ ಹುಡುಗಿ, ಓಮಾಗೆ ಜರ್ಮನ್, ಅಜ್ಜಿಗೆ ಕನ್ನಡ, ಎರಡಕ್ಕೂ ಬಾಯಿ ತುಂಬ ಬಿಸ್ಕತ್ತು. ಓಮಾ ಎಂದರೆ ಅಲ್ಲಿಯ ಅಜ್ಜಿ.

ದಾಖಲೆಮನೆಯವರಿಗೆ ತೋರಿಸಲು ವಂಶವೃಕ್ಷದ ಒಂದು ಚಿತ್ರ ಬೇಕಿತ್ತು. ಎರಿಕಕ್ಕನ ಕೈ ನಡುಗುತ್ತದೆ. ಮೂವತ್ತು ವರ್ಷ ಬೋರ್ಡಿನ ಮೇಲೆ ಬರೆದ ಕೈ ನನ್ನದು, ಕೊಡಿ ಇಲ್ಲಿ ಎಂದು ಮೀರಾಳ ಕ್ರೆಯಾನ್ ತೆಗೆದುಕೊಂಡೆ. ಅವರು ಹೆಸರು ಹೇಳುತ್ತ ಹೋದರು, ನಾನು ಬರೆಯುತ್ತ ಹೋದೆ. ಕೆಳಗೆ ಎರಿಕಾ. ಅದರ ಮೇಲೆ ಅಮ್ಮ ಕಥರೀನಾ. ಅದರ ಮೇಲೆ ಸಾಕಿದ ಅಜ್ಜಿ ಎಲಿಸಬೆತ್. ಅಜ್ಜಿಯ ಅಮ್ಮ ಯಾರು ಎಂದೆ. ತೆರೇಸಿಯಾ. ಅವರ ಅಮ್ಮ? ಎರಿಕಕ್ಕ ಕಣ್ಣುಮುಚ್ಚಿ ಒಂದೇ ಉಸಿರಿಗೆ ಇನ್ನಷ್ಟು ಹೆಸರು ಹೇಳಿ ಅಪೊಲೋನಿಯಾ ಎಂಬಲ್ಲಿಗೆ ನಿಲ್ಲಿಸಿದರು. ಸಂಜೆಯ ಪ್ರಾರ್ಥನೆಯಲ್ಲಿ ಅಜ್ಜಿ ದಿನಾ ಸತ್ತವರ ಹೆಸರು ಹೇಳಿಸುತ್ತಿದ್ದರಂತೆ, ಹಾಗಾಗಿ ಬಾಯಿಪಾಠ.

ಚಿತ್ರ ಮುಗಿಸಿ ತಿರುಗಿಸಿ ತೋರಿಸಿದೆ. ಎರಿಕಕ್ಕ ಕನ್ನಡಕ ಏರಿಸಿ ನೋಡಿದರು, ಮತ್ತೆ ನೋಡಿದರು, ಏನೋ ಹೇಳಿದರು.

"ಅಜ್ಜಿ, ಓಮಾನ ಪಪ್ಪ ಎಲ್ಲಿ ಅಂತ ಕೇಳ್ತಾರೆ. ನೀವು ಮರ್ತುಬಿಟ್ರಾ ಅಂತ" ಎಂದಳು ಮೀರಾ.

ಅಯ್ಯೋ ದೇವರೇ, ಹೌದು! ಅಷ್ಟು ದೊಡ್ಡ ಹಾಳೆಯಲ್ಲಿ ಒಬ್ಬ ಗಂಡಸೂ ಇರಲಿಲ್ಲ. ಕೈ ತಾನಾಗಿ ಹಾಗೆ ಬರೆದಿತ್ತು. ನಮ್ಮದು ಅಳಿಯಸಂತಾನದ ಮನೆ. ನಮ್ಮ ಬಳಿ, ಎಂದರೆ ಕುಲ, ಬರುವುದು ತಾಯಿಯಿಂದ. ನನ್ನ ಅಮ್ಮನ ಬಳಿ ನನಗೆ, ನನ್ನದು ಅಶ್ವಿನಿಗೆ, ಅಶ್ವಿನಿಯದು ಮೀರಾಳಿಗೆ. ನನ್ನ ಅಣ್ಣನದೂ ಅದೇ ಬಳಿ, ಆದರೆ ಅವನ ಮಕ್ಕಳು ಅತ್ತಿಗೆಯ ಬಳಿಯವರು. ಮೂಲ ಹುಡುಕುವುದು ಎಂದರೆ ನಮಗೆ ಅಮ್ಮನ ಅಮ್ಮನ ಅಮ್ಮ, ಅಷ್ಟೇ. ಅಪ್ಪನನ್ನು ಅದರಲ್ಲಿ ಬರೆಯಬೇಕೆಂದು ಹೊಳೆಯುವುದೇ ಇಲ್ಲ.

ನಾಚಿಕೆಯಾಗಿ ಇನ್ನೊಂದು ಹಾಳೆ ತೆಗೆದೆ. ಎರಿಕಕ್ಕ ನನ್ನ ಕೈ ಹಿಡಿದು ತಡೆದರು. ಆ ಹೆಂಗಸರ ಸಾಲನ್ನು ಬೆರಳಿನಿಂದ ಕೆಳಗಿನಿಂದ ಮೇಲಕ್ಕೆ ಸವರುತ್ತ ಕುಳಿತರು. ಹೀಗೆ ಹುಡುಕಬಹುದು ಎಂದು ತಮಗೂ ಹೊಳೆದಿರಲಿಲ್ಲ, ಯಾರೂ ಹೇಳಲೂ ಇಲ್ಲ ಎಂದರು. ಬಿಸ್ಕತ್ತು ಖಾಲಿಯಾಗುವವರೆಗೆ ಮೀರಾ ಇಬ್ಬರ ಮಾತನ್ನೂ ಸಾಗಿಸಿದಳು.

ಸ್ಪೈಯರ್: ಬಳೆ ಸದ್ದು ಮಾಡಬಾರದ ಕೋಣೆ

ದಾಖಲೆಮನೆಗೆ ಅಶ್ವಿನಿ ರಜೆ ಹಾಕಿ ಕಾರಿನಲ್ಲಿ ಕರೆದೊಯ್ದಳು. ಬಾಗಿಲಲ್ಲೇ ನನ್ನ ಬ್ಯಾಗು, ಕೊಡೆ, ನೀರಿನ ಬಾಟಲಿ, ಪೆನ್ನು ಎಲ್ಲ ಕಪಾಟಿಗೆ ಹೋಯಿತು. ಕೋಡುಬಳೆಯ ಡಬ್ಬಿಯೊಂದನ್ನು ಸೆರಗಿನಲ್ಲಿ ಇಟ್ಟುಕೊಂಡಿದ್ದೆ.

"ಅಮ್ಮಾ, ಅದೆಂತದು? ಕೊಡು ಇಲ್ಲಿ. ಮಾನ ತೆಗಿಬೇಡ ಮಾರಾಯ್ತಿ" ಎಂದು ಅಶ್ವಿನಿ ಹಲ್ಲು ಕಚ್ಚಿದಳು.

ಒಳಗೆ ಪೆನ್ಸಿಲ್ ಮಾತ್ರ ಬಿಡುತ್ತಾರೆ. ಏಳೆಂಟು ಮಂದಿ ವಯಸ್ಸಾದವರು ಪರದೆಗಳ ಮುಂದೆ ಕುತ್ತಿಗೆ ಚಾಚಿ ಕೂತಿದ್ದರು. ಎಲ್ಲರೂ ತಮ್ಮ ತಮ್ಮ ಅಜ್ಜ ಮುತ್ತಜ್ಜರನ್ನು ಹುಡುಕುವವರೇ. ನಾನು ಕೂತು ಕೈ ಮೇಜಿನ ಮೇಲಿಟ್ಟೆನೋ ಇಲ್ಲವೋ, ಗಾಜಿನ ಬಳೆಗಳು ಝಲ್ ಎಂದವು. ಎಲ್ಲ ತಲೆಗಳೂ ಒಟ್ಟಿಗೆ ಈ ಕಡೆ ತಿರುಗಿದವು. ಬೈಯಲಿಲ್ಲ, ನೋಡಿದರು ಅಷ್ಟೇ. ಬೈದಿದ್ದರೇ ಒಳ್ಳೆಯದಿತ್ತು. ಬಳೆಗಳನ್ನು ಮೊಣಕೈ ತನಕ ಏರಿಸಿ ಕರವಸ್ತ್ರ ಸುತ್ತಿ ಗಂಟು ಹಾಕಿಕೊಂಡೆ. ಗಾಯವಾಗಿದೆ ಎಂದುಕೊಂಡು ಪಕ್ಕದ ಮುದುಕ ತನ್ನ ಕುರ್ಚಿ ಸರಿಸಿ ಜಾಗ ಮಾಡಿಕೊಟ್ಟ.

ಅಲ್ಲಿ ನೋಡಿಕೊಳ್ಳುವವನು ಗಡ್ಡದ ಒಬ್ಬ ಗಂಭೀರ ಮನುಷ್ಯ. ಎರಿಕಕ್ಕ ಅವನ ಮುಂದೆ ನನ್ನ ಕ್ರೆಯಾನ್ ಚಿತ್ರ ಹಾಸಿದರು. ಕೆಂಪು, ಹಸುರು, ನೇರಳೆ ಅಕ್ಷರ, ಮೂಲೆಯಲ್ಲಿ ಮೀರಾ ಬಿಡಿಸಿದ ಬೆಕ್ಕು. ಅವನು ನಗಲಿಲ್ಲ. ತಂದೆಯ ಸಾಲಿಗಿಂತ ಇದು ಕಷ್ಟದ ದಾರಿ, ಪ್ರತಿ ಮದುವೆಗೂ ಹೆಂಗಸಿನ ಹೆಸರು ಬದಲಾಗುತ್ತದೆ ಎಂದ. ಆದರೆ ಚರ್ಚಿನ ದಾಖಲೆಯಲ್ಲಿ ಮದುವೆಯಾದ ಹೆಣ್ಣಿನ ತವರಿನ ಹೆಸರನ್ನೂ ಬರೆದಿಡುವುದುಂಟು, ಪ್ರಯತ್ನಿಸೋಣ ಎಂದು ಒಳಗಿನಿಂದ ಒಂದು ದಪ್ಪ ಪುಸ್ತಕ ತಂದ. ಎರಿಕಕ್ಕ ಹುಟ್ಟಿದ ಆ ಪೂರ್ವದ ಊರಿನ ಮನೆಗಳ ವಿವರ, ಅಲ್ಲಿಂದ ಓಡಿಬಂದವರೇ ಕೂಡಿ ಮಾಡಿದ್ದು.

ಒಂದೊಂದೇ ಮದುವೆ ದಾಟಿ ಹಿಂದಕ್ಕೆ ಹೋದರು. ಎಲಿಸಬೆತ್‌ಳ ತವರು ಒಂದು ಹೆಸರು, ತೆರೇಸಿಯಾಳ ತವರು ಇನ್ನೊಂದು. ನನಗೆ ಭಾಷೆ ತಿಳಿಯದು, ಎರಿಕಕ್ಕನ ಮುಖ ನೋಡುತ್ತಿದ್ದೆ. ಮಧ್ಯಾಹ್ನ ಊಟಕ್ಕೆ ಕೋಣೆ ಮುಚ್ಚಿದರು. ಹೊರಗೆ ಮೆಟ್ಟಿಲ ಮೇಲೆ ಕೋಡುಬಳೆ ತಿಂದೆವು. ಗಡ್ಡದವನಿಗೂ ಒಂದು ಕೊಟ್ಟೆ. ಬೇಡ ಎನ್ನುತ್ತಾನೆ ಅಂದುಕೊಂಡಿದ್ದೆ, ಇನ್ನೊಂದು ಕೇಳಿದ.

ಊಟ ಮುಗಿಸಿ ಒಳಗೆ ಹೋದ ಮೇಲೆ ಅಪೊಲೋನಿಯಾ ಸಿಕ್ಕಿದಳು. ಚಿಕ್ಕ ಹುಡುಗಿಯಾಗಿ ವಿಧವೆ ಅಮ್ಮನ ಜೊತೆ ದೋಣಿ ಹತ್ತಿದವಳು. ಪಕ್ಕದಲ್ಲೇ ಅವರು ಹೊರಟ ಊರಿನ ಹೆಸರು. ಗಡ್ಡದವನು ಆ ಊರಿನ ಚರ್ಚಿನ ಹಳೇ ಪುಟವನ್ನು ಪರದೆಗೆ ತಂದ. ಜಿರಲೆ ಓಡಿದ ಹಾಗಿನ ಅಕ್ಷರ. ಅದರಲ್ಲಿ ಅವನು ಬೆರಳಿಟ್ಟ ಕಡೆ ಅದೇ ಹುಡುಗಿ, ಅದೇ ತಾಯಿ. ಎರಿಕಕ್ಕ ಆ ಮೌನದ ಕೋಣೆಯಲ್ಲಿ ಅಪೊಲೋನಿಯಾ ಎಂದು ಗಟ್ಟಿಯಾಗಿ ಹೇಳಿಬಿಟ್ಟರು. ಈ ಸಲ ಯಾರೂ ತಿರುಗಿ ನೋಡಲಿಲ್ಲ.

"ಎಲ್ಲಿ, ದೂರವಾ?" ಎಂದು ನಾನು ಅಶ್ವಿನಿಯನ್ನು ತಿವಿದೆ.

"ಇಲ್ಲಿಂದ ಅರ್ಧ ಗಂಟೆ ಅಮ್ಮ! ಇಷ್ಟು ವರ್ಷ ಇವರು ಅದೇ ಹೈವೇಯಲ್ಲಿ ಹೋಗಿ ಬಂದದ್ದು." ಅವಳ ಕಣ್ಣೂ ಒದ್ದೆಯಾಗಿತ್ತು.

ಹಳ್ಳಿ

ಊರಿನ ಹೆಸರು ಬರೆಯಬೇಡ ಎಂದು ಎರಿಕಕ್ಕ ಹೇಳಿದ್ದಾರೆ. ಅಲ್ಲಿಯವರಿಗೆ ಬೇಸರವಾಗಬಾರದಂತೆ.

ಮಾರನೇ ದಿನವೇ ಹೋದೆವು. ಎರಿಕಕ್ಕ ಹೊಸ ಅಂಗಿ ತೊಟ್ಟು, ಮಡಿಲಲ್ಲಿ ಕೆಂಪು ಹೂವಿನ ಗಿಡವೊಂದರ ಕುಂಡ ಇಟ್ಟುಕೊಂಡು ಮುಂದಿನ ಸೀಟಿನಲ್ಲಿ ಕುಳಿತಿದ್ದರು. ದಾರಿಯಲ್ಲಿ ಒಂದು ಮಾತಿಲ್ಲ. ನಮ್ಮ ಕಡೆಯವರು ಎಲ್ಲೆಲ್ಲೋ ಇದ್ದು, ಮನೆಯಲ್ಲಿ ಏನೋ ತೊಂದರೆಯಾಗಿ, ಜೋಯಿಸರ ಹತ್ತಿರ ಪ್ರಶ್ನೆ ಇಡಿಸಿ, ತಮ್ಮ ಮೂಲದ ನಾಗಬನ ಇಂಥಲ್ಲಿದೆ ಎಂದು ಗೊತ್ತಾಗಿ ಮೊದಲ ಸಲ ಹೊರಡುವಾಗ ಕಾರಿನಲ್ಲಿ ಇರುವುದು ಇದೇ ಮೌನ. ನಾಗಬನವಾದರೆ ಬೇಲಿ ಬಿದ್ದಿದ್ದರೂ, ಕಾಡು ಬೆಳೆದಿದ್ದರೂ ನಾಗನ ಕಲ್ಲು ಕಲ್ಲಿನ ಜಾಗದಲ್ಲಿ ಇರುತ್ತದೆ. ಕೈಮುಗಿಯಲು ಎದುರಿಗೆ ಏನಾದರೊಂದು ಸಿಗುತ್ತದೆ.

ಇಲ್ಲಿ ಎಂತದೂ ಇರಲಿಲ್ಲ. ಒಂದು ಬೀದಿ, ಮುಚ್ಚಿದ ಬೇಕರಿ, ಎಲೆಕೋಸಿನ ಹೊಲ. ಚರ್ಚು ಹೊಸದು, ಹಳೆಯದು ಯಾವಾಗಲೋ ಸುಟ್ಟುಹೋಗಿದೆಯಂತೆ. ಅದಕ್ಕೂ ಬೀಗ. ಗೋರಿಗಳಿರುವ ಜಾಗಕ್ಕೆ ಹೋದೆವು. ಎಲ್ಲ ಮೊನ್ನೆ ಮೊನ್ನೆ ಸತ್ತವರೇ. ಗೋರಿಗೆ ಅಲ್ಲಿ ಇಂತಿಷ್ಟು ವರ್ಷ ಎಂದು ವಾಯಿದೆ, ಅದು ಮುಗಿದ ಮೇಲೆ ಮನೆಯವರು ಮುಂದುವರಿಸದಿದ್ದರೆ ಕಲ್ಲು ತೆಗೆದು ಜಾಗ ಇನ್ನೊಬ್ಬರಿಗೆ. ಅಪೊಲೋನಿಯಾಳ ಕಾಲದ ಒಂದು ಹುಡಿಯೂ ಅಲ್ಲಿ ಉಳಿದಿರಲಿಲ್ಲ.

ಎರಿಕಕ್ಕ ಕುಂಡ ಹಿಡಿದುಕೊಂಡು ಗೋಡೆಯ ಬದಿಯ ಖಾಲಿ ಜಾಗದಲ್ಲಿ ನಿಂತರು. ಕಳೆ ಕೀಳುತ್ತಿದ್ದ ಒಬ್ಬಾಕೆ ಎದ್ದು ಬಂದು ಏನು ಹುಡುಕುತ್ತಿದ್ದೀರಿ ಎಂದು ಕೇಳಿದಳು. ಎರಿಕಕ್ಕ ಹೇಳಿದರು. ಆಕೆ ಒಳ್ಳೆಯವಳೇ, ಪೂರ್ತಿ ಕೇಳಿಸಿಕೊಂಡಳು. ಆಮೇಲೆ, ಇಲ್ಲಿ ಸುಮ್ಮನೆ ನೆಡಲು ಬಿಡುವುದಿಲ್ಲ, ಪಂಚಾಯತಿಗೆ ಅರ್ಜಿ ಕೊಡಬೇಕು, ಮತ್ತೆ ನಿಮ್ಮ ಅಮ್ಮ ಇಲ್ಲಿಯವರಲ್ಲವಲ್ಲ, ಎಂದಳು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಇದ್ದದ್ದನ್ನು ಹೇಳಿದಳು. ಆದರೆ ನಾನು ಎರಿಕಕ್ಕನ ಮುಖ ನೋಡಿದೆ. ಶಾಲೆಯಲ್ಲಿ ಕಲ್ಲು ತಿಂದ ಆ ಪುಟ್ಟ ಹುಡುಗಿ ಎಂಬತ್ತು ದಾಟಿ ಮತ್ತೆ ಅಲ್ಲಿ ನಿಂತಿದ್ದಳು.

ಕಾರಿಗೆ ಬಂದು ಕುಂಡವನ್ನು ಮತ್ತೆ ಮಡಿಲಿಗೆ ಇಟ್ಟುಕೊಂಡರು. ಕಾರು ಊರು ದಾಟಿದ ಮೇಲೆ ನನ್ನ ಹೆಸರು ಹಿಡಿದು ಕರೆದರು. "ನನಗೆ ಅಲ್ಲಿ ಏನೂ ಅನ್ನಿಸಲಿಲ್ಲ ಸುಮತಿ. ಅವಳು ಈ ಊರನ್ನು ನೋಡಿಯೇ ಇಲ್ಲ. ಇಲ್ಲಿಗೆ ಯಾಕೆ ಬರುತ್ತಾಳೆ?" ಆಮೇಲೆ ನನ್ನ ಕಡೆ ತಿರುಗಿ ಕೇಳಿದರು. "ನಿಮ್ಮಲ್ಲಿ ಏನು ಮಾಡುತ್ತೀರಿ? ಸತ್ತವರು ಎಲ್ಲಿದ್ದಾರೆ ಎಂದು ಗೊತ್ತಿಲ್ಲದಿದ್ದರೆ?"

ನಾವು ಹುಡುಕಿಕೊಂಡು ಹೋಗುವುದಿಲ್ಲ, ಮನೆಗೆ ಊಟಕ್ಕೆ ಕರೆಯುತ್ತೇವೆ ಎಂದೆ. ಆಟಿಯಲ್ಲಿ ಒಂದು ದಿನ ಅವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ, ಎಲೆ ಹಾಕಿ ಬಡಿಸಿ, ಹೆಸರು ಹಿಡಿದು ಕರೆದು, ಬಾಗಿಲು ಎಳೆದುಕೊಂಡು ಹೊರಗೆ ನಿಲ್ಲುತ್ತೇವೆ. ಸಮುದ್ರಕ್ಕೆ ಹೋಗಿ ಹಿಂದೆ ಬಾರದವರಿಗೂ ಹಾಗೆಯೇ. ಅವರು ಬಂದು ಉಂಡು ಹೋಗುತ್ತಾರೆ.

"ಈಗ ಆಟಿಯಾ?" ಎಂದು ಅಶ್ವಿನಿ ತಾನೇ ಕೇಳಿದಳು.

"ಆಟಿಯೇ ಅಲ್ವಾ. ನಿನಗೆ ನೆನಪಿದ್ದರೆ ತಾನೇ!"

ಕಾರ್ಲ್ಸ್‌ರುಹೆ: ಮುಚ್ಚಿದ ಬಾಗಿಲ ಹೊರಗೆ

ಅಮ್ಮನಿಗೆ ಏನು ಇಷ್ಟವಿತ್ತು ಎಂದು ಕೇಳಿದೆ. ಮಗಳ ಅಡುಗೆಮನೆಯಲ್ಲಿ ಎರಿಕಕ್ಕ ಹಿಡಿದಿದ್ದ ಚಮಚ ಕೆಳಗಿಟ್ಟರು. ಗೊತ್ತಿಲ್ಲ ಎಂದರು. ಗೊತ್ತಿಲ್ಲ, ಗೊತ್ತಿಲ್ಲ ಎಂದು ಅಳಲು ಶುರುಮಾಡಿದರು. ನಾನೂ ಅತ್ತೆ. ಅಮ್ಮನ ಮುಖ ನೆನಪಿಲ್ಲ, ದನಿ ನೆನಪಿಲ್ಲ, ಒಂದು ನೀಲಿ ಏಪ್ರನ್ನಿನ ತುದಿ ಮಾತ್ರ ನೆನಪಿದೆ ಎಂದರು. ಗಸಗಸೆ ಅರೆದು ಸಕ್ಕರೆ ಬೆರೆಸಿದ ದಪ್ಪ ಶಾವಿಗೆ ತಿಂದು ಬಾಯಿಯೆಲ್ಲ ಕಪ್ಪಾದಾಗ ಆ ತುದಿಯಿಂದ ಯಾರೋ ಬಾಯಿ ಒರೆಸುತ್ತಿದ್ದರು.

"ಹಾಗಾದರೆ ಅದೇ ಸಾಕು. ನಿಮಗೆ ಕೊಟ್ಟವರು ತಾವೂ ತಿಂದಿರ್ತಾರೆ" ಎಂದೆ.

ಶಾವಿಗೆ ಮಾಡಿದೆವು. ಬಾಳೆಎಲೆ ಎಲ್ಲಿಂದ ತರುವುದು, ಅಶ್ವಿನಿಯ ಒಳ್ಳೆಯ ತಟ್ಟೆಯೊಂದನ್ನು ಕಿಟಕಿಯ ಕೆಳಗೆ ನೆಲದ ಮೇಲೆ ಇಟ್ಟು ಬಡಿಸಿ, ಪಕ್ಕದಲ್ಲಿ ಆ ಹೂವಿನ ಕುಂಡ ಇಟ್ಟೆವು. ಎರಿಕಕ್ಕ ತಮ್ಮ ಹಳೆಯ ಊರಿನ ಮಾತಿನಲ್ಲಿ ಏನೋ ಕರೆದರು. ಅದು ಅಶ್ವಿನಿಗೂ ಅರ್ಥವಾಗಲಿಲ್ಲ. ಕಥರೀನಾ ಎಂಬುದೊಂದು ನನಗೆ ಕೇಳಿಸಿತು. ಆಮೇಲೆ ನಾಲ್ವರೂ ಫ್ಲ್ಯಾಟಿನ ಬಾಗಿಲು ಎಳೆದುಕೊಂಡು ಹೊರಗಿನ ಮೆಟ್ಟಿಲಲ್ಲಿ ಕುಳಿತೆವು.

ಮೇಲಿನ ಮನೆಯ ಯಜಮಾನರು ತರಕಾರಿ ಚೀಲ ಹಿಡಿದು ಬಂದರು. ಕೀಲಿ ಒಳಗೆ ಬಿಟ್ಟು ಹೊರಗೆ ಉಳಿದಿದ್ದೇವೆ ಎಂದುಕೊಂಡು, ಬೀಗ ತೆಗೆಯುವವರಿಗೆ ಫೋನ್ ಮಾಡಲಾ ಎಂದು ಕೇಳಿದರು. ಬೇಡ, ಒಳಗೆ ನನ್ನ ಅಮ್ಮ ಊಟ ಮಾಡುತ್ತಿದ್ದಾಳೆ ಎಂದರು ಎರಿಕಕ್ಕ. ಆ ಮನುಷ್ಯ ಎಂಬತ್ತು ದಾಟಿದ ಮುಖವನ್ನೊಮ್ಮೆ, ಮುಚ್ಚಿದ ಬಾಗಿಲನ್ನೊಮ್ಮೆ ನೋಡಿ, ಗೂಟನ್ ಅಪೆಟೀಟ್ ಎಂದು ಹೇಳಿ ಮೇಲಕ್ಕೆ ಹೋದರು. ಊಟ ಚೆನ್ನಾಗಿ ಆಗಲಿ ಎಂದು ಅಲ್ಲಿ ಎಲ್ಲರೂ ಎಲ್ಲರಿಗೂ ಹೇಳುವ ಮಾತು.

ಎರಿಕಕ್ಕ ಬಹಳ ಹೊತ್ತು ಕಿವಿಗೊಟ್ಟು ಕುಳಿತಿದ್ದರು. ಮುಖ ಸಡಿಲವಾಗಿತ್ತು. ಆಮೇಲೆ ನನ್ನ ಕೈಮೇಲೆ ಕೈಯಿಟ್ಟು ಮೆಲ್ಲಗೆ ಏನೋ ಕೇಳಿದರು. ಅನುವಾದ ಮಾಡಲಿ ಎಂದು ಅಶ್ವಿನಿಯ ಕಡೆ ನೋಡಿದೆ. ಅವಳು ಗೋಡೆಯ ಕಡೆ ಮುಖ ತಿರುಗಿಸಿದಳು.

"ಎಂತ ಹೇಳಿದ್ದು?"

"ಎಂತ ಇಲ್ಲ ಬಿಡು."

"ಅಜ್ಜಿ, ನೀವು ಸತ್ತ ಮೇಲೆ ನಿಮಗೆ ಎಂತ ಬಡಿಸ್ಬೇಕು ಅಂತ ಓಮಾ ಕೇಳ್ತಾರೆ" ಎಂದಳು ಮೀರಾ.

"ಮೀರಾ!" ಎಂದು ಅಶ್ವಿನಿ ಗದರಿದಳು.

ಗದರುವುದು ಎಂತಕ್ಕೆ? ಹುಡುಗಿ ಹೇಳಿದ್ದರಲ್ಲಿ ಎಂತ ತಪ್ಪುಂಟು? ನನಗೆ ಇರುವುದು ಇವಳೊಬ್ಬಳು ಮಗಳು. ನನ್ನ ಅಮ್ಮನ, ಅವರ ಅಮ್ಮನ ಬಳಿ, ಆ ಕುಲ, ಈಗ ಉಡುಪಿಯಲ್ಲಿ ಇಲ್ಲ, ಕಾರ್ಲ್ಸ್‌ರುಹೆಯ ಈ ಮೆಟ್ಟಿಲ ಮೇಲೆ ಕುಳಿತಿದೆ. ಇನ್ನೊಂದು ವಾರಕ್ಕೆ ನಾನು ವಿಮಾನ ಹತ್ತಬೇಕು. ನನ್ನನ್ನು ಯಾರು ಕರೆಯುತ್ತಾರೆ, ಎಲ್ಲಿಗೆ ಕರೆಯುತ್ತಾರೆ, ಅಷ್ಟು ದೂರ ಬರಲು ನನಗಾಗುತ್ತದಾ ಎಂದು ನಾನೂ ಎಷ್ಟೋ ಸಲ ಯೋಚಿಸಿದ್ದೇನೆ. ಬಾಯಿಬಿಟ್ಟು ಹೇಳಿರಲಿಲ್ಲ.

"ಬೂತಾಯಿ ಮೀನಿನ ಗಸಿ" ಎಂದೆ ಮೀರಾಳಿಗೆ. "ಹುಳಿ ಸ್ವಲ್ಪ ಮುಂದೆ ಇರಬೇಕು. ಕುಚ್ಚಲಕ್ಕಿ ಅನ್ನ. ಆದರೆ ಇಲ್ಲಿ ಬೂತಾಯಿ ಎಲ್ಲಿ ಸಿಗ್ತದೆ ಮಗಾ, ಬಿಡು."

ಮೀರಾ ಅದನ್ನು ಓಮಾಗೆ ಹೇಳಿದಳು. ಎರಿಕಕ್ಕ ಪಾಠ ಕಲಿಯುವವರ ಹಾಗೆ ಬೂತಾಯಿ, ಬೂತಾಯಿ ಎಂದು ಎರಡು ಸಲ ಹೇಳಿಕೊಂಡರು. ಅಶ್ವಿನಿ ಇನ್ನೂ ಗೋಡೆಯನ್ನೇ ನೋಡುತ್ತಿದ್ದಳು. ಅವಳ ಭುಜ ಅಲುಗುತ್ತಿತ್ತು.

"ಸಿಗ್ತದೆ ಅಮ್ಮ" ಎಂದಳು. "ಸ್ಟೇಶನ್ ಹಿಂದೆ ಏಷ್ಯನ್ ಅಂಗಡಿ ಉಂಟಲ್ಲ, ಅಲ್ಲಿ ಫ್ರೋಜನ್ ಸಿಗ್ತದೆ. ನಾನು ನೋಡಿ ಇಟ್ಟಿದ್ದೇನೆ."